ಅಟ್ಟದ ಮೇಲಿನ ಹಲಗೆಗಳು

"ಅಯ್ಯನವರೇ, ದೇವರಿಗೆಂದು ತೆಗೆದಿಟ್ಟದ್ದನ್ನು ಮನುಷ್ಯರಿಗೆ ಕೊಡಬಹುದೇ?"

ಕೇಳಿದವನು ಯೋವೇಲ. ಅವನು ಉಪದೇಶಿ ಸಮಾಧಾನಪ್ಪನವರ ಬಳಿ ಎರಡು ವರ್ಷಗಳಿಂದ ಕಲಿಯುತ್ತಿದ್ದ. ಸಭೆಯ ಅಕ್ಕಿಯನ್ನು ಕಾಯುವ ಕೆಲಸ ಅವನದಾಗಿತ್ತು. ಆ ಊರಿನ ಕ್ರೈಸ್ತ ಸಭೆಯಲ್ಲಿ ಹೆಂಗಸರು ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುತ್ತಾರೆ. ಭಾನುವಾರ ಆ ಅಕ್ಕಿ ದೇವಾಲಯಕ್ಕೆ ಬರುತ್ತದೆ. ಸುಗ್ಗಿಯ ಆರಾಧನೆಯ ದಿನ ಅದರಿಂದ ಎಲ್ಲರಿಗೂ ಊಟ ಮಾಡಿಸುತ್ತಾರೆ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ.

"ಏನಾಯಿತು?" ಎಂದರು ಉಪದೇಶಿಗಳು.

"ಬೆಳಿಗ್ಗೆ ಒಬ್ಬ ಹೆಂಗಸು ಬಂದಿದ್ದಳು. ರಸ್ತೆ ಕೆಲಸಕ್ಕೆ ಬಂದವಳು. ನಮ್ಮ ಸಭೆಯವಳಲ್ಲ. ಕೆಲಸ ನಿಂತು ನಾಲ್ಕು ದಿನವಾಯಿತು, ಎರಡು ಸೇರು ಅಕ್ಕಿ ಕೊಡಿ ಎಂದಳು. ಇದು ದೇವರ ಅಕ್ಕಿಯಮ್ಮ, ಹಬ್ಬ ಇನ್ನು ಹತ್ತೇ ದಿನ, ಆ ದಿನ ಬಾ, ಹೊಟ್ಟೆ ತುಂಬ ಊಟ ಮಾಡು ಎಂದೆ. ನಾನು ಗದರಲಿಲ್ಲ, ಅಯ್ಯನವರೇ. ನೆರಳಿನಲ್ಲಿ ಕೂರಿಸಿ ನೀರು ಕೊಟ್ಟೆ. ಪ್ರೀತಿಯಿಂದಲೇ ಕಳಿಸಿದೆ. ಆದರೂ ಆಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ನಾನು ಮಾಡಿದ್ದು ತಪ್ಪೇ?"

ಉಪದೇಶಿಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಅದು ಒಂದು ಮಂಗಳವಾರ. ಆ ದಿನಕ್ಕೆ ಬೇರೆ ವಿಶೇಷವೇನೂ ಇರಲಿಲ್ಲ. ಒಬ್ಬ ಬಡಗಿ ತನ್ನ ಮನೆಯ ಮುಂದೆ ಕುಳಿತು ಕಿಟಕಿಯ ಚೌಕಟ್ಟೊಂದನ್ನು ಕೀಸುತ್ತಿದ್ದ. ಹುರಿಗಾಳು ಮಾರುವ ಮುದುಕಿಯೊಬ್ಬಳು ಬಂದು ಮರದ ಹೊಟ್ಟಿನ ಪಕ್ಕದಲ್ಲಿ ಕುಳಿತಳು.

ಬಡಗಿ ಒಳ್ಳೆಯವನು. ಅದು ಊರಿಗೆಲ್ಲ ಗೊತ್ತಿತ್ತು. ಹೇಗೆ ಗೊತ್ತಿತ್ತೆಂಬುದನ್ನು ಮೊದಲು ಹೇಳಬೇಕು.

ಆ ಊರಿನ ಸಭೆಗೆ ಒಂದು ಶವಪೆಟ್ಟಿಗೆ ಇತ್ತು. ಸ್ವಂತ ಪೆಟ್ಟಿಗೆ ಮಾಡಿಸಲಾಗದ ಬಡವರು ಸತ್ತರೆ ದೇಹವನ್ನು ಅದರಲ್ಲಿಟ್ಟು ಸ್ಮಶಾನಕ್ಕೆ ಒಯ್ಯುತ್ತಿದ್ದರು. ಗುಂಡಿಯ ಬಳಿ ದೇಹವನ್ನು ಹೊರಗೆ ತೆಗೆದು, ಬಟ್ಟೆಯಲ್ಲಿ ಸುತ್ತಿ ಇಳಿಸುತ್ತಿದ್ದರು. ಪೆಟ್ಟಿಗೆ ಮುಂದಿನವರಿಗಾಗಿ ವಾಪಸು ಬರುತ್ತಿತ್ತು. ಬಡಗಿಯ ತಾಯಿ ಹೋದದ್ದು ಆ ಪೆಟ್ಟಿಗೆಯಲ್ಲಿ. ಅವನಿಗೆ ಆಗ ಹತ್ತೊಂಬತ್ತು ವರ್ಷ. ತಾಯಿಯನ್ನು ಮಣ್ಣು ಮಾಡಿ ಹಿಂದಿರುಗುವಾಗ, ಪೆಟ್ಟಿಗೆ ಹೊತ್ತವರು ಅದು ಹಗುರವಾಯಿತೆಂದು ಬೇಗ ಬೇಗ ನಡೆದರು. ಯಾವುದೋ ಮದುವೆಯ ಮಾತಾಡಿಕೊಂಡು ನಡೆದರು. ಅವನು ಅವರ ಹಿಂದೆ ಬಂದ.

ಕೆಲಸ ಕಲಿತು ತನ್ನದೇ ಉಳಿ, ಗರಗಸ ಕೊಂಡ ದಿನ ಅವನು ಹರಕೆ ಹೊತ್ತ. ಇನ್ನು ಮುಂದೆ ಈ ಊರಿನಲ್ಲಿ ಯಾವ ಬಡವರೂ ಪೆಟ್ಟಿಗೆಯಿಲ್ಲದೆ ಮಣ್ಣಿಗೆ ಹೋಗಬಾರದು. ಅವರ ಪೆಟ್ಟಿಗೆಯನ್ನು ನಾನು ಮಾಡಿಕೊಡುತ್ತೇನೆ, ಅದಕ್ಕೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅದರಂತೆ ನಡೆದ. ಒಂದು ಪೆಟ್ಟಿಗೆಗೆ ಬೇಕಾಗುವಷ್ಟು ಹಲಸಿನ ಹಲಗೆ ಅವನ ಅಟ್ಟದ ಮೇಲೆ ಯಾವಾಗಲೂ ಇರುತ್ತಿತ್ತು. ಅದು ಮುಗಿದರೆ ದುಡಿದು ಮತ್ತೆ ತರುತ್ತಿದ್ದ. ತನ್ನ ಮನೆಯ ಕಿಟಕಿಗೆ ಬಾಗಿಲಿಲ್ಲದ ವರ್ಷವೂ ಆ ಹಲಗೆಗಳನ್ನು ಅವನು ಮುಟ್ಟಲಿಲ್ಲ. ಸಭೆಯ ಹಳೆಯ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ಅದನ್ನು ನೋಡಿ ಜನ ಬಡಗಿಯನ್ನು ನೆನೆಯುತ್ತಿದ್ದರು.

ಸತ್ತವರ ಮನೆಗೆ ಅವನು ಅಳತೆಯ ಕೋಲು ಒಯ್ಯುತ್ತಿರಲಿಲ್ಲ. ಅದನ್ನು ನೋಡಿದರೆ ಮನೆಯವರಿಗೆ ಸಂಕಟವಾಗುತ್ತದೆಂದು ಒಂದು ಹತ್ತಿಯ ದಾರ ಒಯ್ಯುತ್ತಿದ್ದ. ತಲೆಯಿಂದ ಪಾದಕ್ಕೆ ದಾರ ಹಿಡಿದು, ಒಂದು ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಅಷ್ಟು ಸೂಕ್ಷ್ಮದ ಮನುಷ್ಯ.

ಆ ಮಂಗಳವಾರ ಮುದುಕಿ ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

"ಯಾರಿಗಪ್ಪಾ ಅಷ್ಟೊಂದು ಹಲಗೆ?"

"ಅದು ದೇವರಿಗೆ ಮೀಸಲು ಕಣವ್ವ."

"ಯಾಕೆ, ದೇವರ ಮನೇಲೂ ನೆಲ ಜಿನುಗ್ತಾ ಇದೆಯಾ?"

ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಊರಿಗೆಲ್ಲ ಸಂತೋಷವಾಗಿತ್ತು. ಆದರೆ ಏರಿಯ ಕೆಳಗಿದ್ದ ನಾಲ್ಕೈದು ಮನೆಗಳ ನೆಲದಲ್ಲಿ ನೀರು ಜಿನುಗುತ್ತಿತ್ತು. ಮುದುಕಿಯ ಮನೆ ಅವುಗಳಲ್ಲಿ ಒಂದು. ಅವಳ ಮಂಚದ ಕಾಲು ಮುರಿದು, ಅದು ಸೌದೆಯಾಗಿ ಬಹಳ ದಿನವಾಗಿತ್ತು. ಚಾಪೆಯ ಕೆಳಗೆ ಗೋಣಿ, ಗೋಣಿಯ ಕೆಳಗೆ ಹುಲ್ಲು ಹಾಸಿದ್ದಳು. ಬೆಳಗಾಗುವಷ್ಟರಲ್ಲಿ ಮೂರೂ ಒದ್ದೆಯಾಗುತ್ತಿದ್ದವು. ಚಳಿ ಶುರುವಾಗಿತ್ತು. ಅವಳಿಗೆ ಕೆಮ್ಮು ಹಿಡಿದಿತ್ತು.

"ಒಂದು ಮಂಚ ಹೊಡೆದುಕೊಡಪ್ಪ. ಕೆತ್ತನೆ ಗಿತ್ತನೆ ಬೇಡ. ನೆಲ ಬಿಟ್ಟು ಮಲಗಿದರೆ ಸಾಕು."

"ಈಗ ಬೇರೆ ಮರ ಇಲ್ಲವಲ್ಲವ್ವ. ಅಟ್ಟದ್ದು ಸತ್ತವರ ಹಲಗೆ. ಹರಕೆ."

"ನಾನು ಸತ್ತರೆ ನನಗೂ ಕೊಡ್ತೀಯಾ?"

"ಬಿಡ್ತು ಅನ್ನು. ನಿನಗೆ ಕೊಡದೆ ಇನ್ಯಾರಿಗೆ ಕೊಡಲಿ?"

"ಹಾಗಾದರೆ ನನ್ನ ಪಾಲಿನದು ಈಗಲೇ ಇಳಿಸು. ಒಂದಷ್ಟು ದಿನ ಮೇಲೆ ಮಲಗಿರ್ತೀನಿ. ಆಮೇಲೆ ಒಳಗೆ ಮಲಗ್ತೀನಿ."

ಬಡಗಿ ನಕ್ಕ. ಒಳಗಿದ್ದ ಅವನ ಹೆಂಡತಿಯೂ ನಕ್ಕಳು. ಮುದುಕಿ ಎಲ್ಲರಿಗಿಂತ ಹೆಚ್ಚು ನಕ್ಕಳು; ನಗು ಕೆಮ್ಮಾಯಿತು. ಬರುವ ತಿಂಗಳು ಮರ ಬರುತ್ತದೆ, ಮೊದಲ ಕೆಲಸ ನಿನ್ನ ಮಂಚವೇ ಎಂದು ಬಡಗಿ ಹೇಳಿದ. ಸುಳ್ಳು ಹೇಳಲಿಲ್ಲ. ಹಾಗೆಯೇ ಮಾಡಬೇಕೆಂದಿದ್ದ. ಹೆಂಡತಿ ಬಿಸಿ ಕಾಫಿ ಕೊಟ್ಟಳು, ಹಳೆಯ ಕಂಬಳಿಯೊಂದನ್ನು ಹೊದಿಸಿದಳು. ಸಂಜೆಯ ಪ್ರಾರ್ಥನೆಯಲ್ಲಿ ಬಡಗಿ ಮುದುಕಿಯ ಹೆಸರು ಹೇಳಿ, ಅವಳ ಕೆಮ್ಮು ವಾಸಿಯಾಗಲೆಂದು ಬೇಡಿದ. ಮರುದಿನವೂ ಬೇಡಿದ. ಒಂದು ದಿನವೂ ಮರೆಯಲಿಲ್ಲ.

ಹದಿನೇಳನೆಯ ದಿನ ಮುದುಕಿ ಸತ್ತಳೆಂದು ಸುದ್ದಿ ಬಂತು.

ಬಡಗಿ ದಾರ ತೆಗೆದುಕೊಂಡು ಏರಿಯ ಕೆಳಗೆ ಹೋದ. ಅವಳ ಮನೆಯ ಮುಂದೆ ನಿಂತು ಬಾಗಿಲು ತಟ್ಟಲು ಕೈ ಎತ್ತಿದ. ಬಾಗಿಲು ಇರಲಿಲ್ಲ. ಬಾಗಿಲಿರಬೇಕಾದಲ್ಲಿ ಒಂದು ಗೋಣಿ ತೂಗುತ್ತಿತ್ತು. ಗಾಳಿಗೆ ಅದು ಒಳಗೂ ಹೊರಗೂ ಆಡುತ್ತಿತ್ತು.

ಅವನು ಗೋಣಿ ಸರಿಸಿ ಒಳಗೆ ಹೋದ.

ಮುದುಕಿ ಬಾಗಿಲಿನ ಮೇಲೆ ಮಲಗಿದ್ದಳು. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆಗಳನ್ನಿಟ್ಟು ಅದರ ಮೇಲೆ ಬಾಗಿಲನ್ನು ಹಾಸಲಾಗಿತ್ತು. ಚಿಲಕ ಅವಳ ಭುಜದ ಹತ್ತಿರ ಇತ್ತು. ಗುಡಿಸಲಿನ ಬಾಗಿಲು, ಗಿಡ್ಡ. ಅವಳು ಮೊಣಕಾಲು ಮಡಿಸಿ, ಅದರ ಅಳತೆಗೆ ತನ್ನನ್ನು ಹೊಂದಿಸಿಕೊಂಡು ಮಲಗಿದ್ದಳು. ಹಾಗೆಯೇ ಸತ್ತಿದ್ದಳು. ಬಡಗಿಯ ಹೆಂಡತಿ ಕೊಟ್ಟ ಕಂಬಳಿ ಕುತ್ತಿಗೆಯವರೆಗೆ ಇತ್ತು.

ಬಡಗಿ ದಾರ ಹಿಡಿದು ನಿಂತ. ತಲೆಯಿಂದ ಪಾದಕ್ಕೆ ಅಳೆಯುವುದು ಅವನಿಗೆ ರೂಢಿ. ಇಲ್ಲಿ ಪಾದ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ.

"ಬಾಗಿಲು ಯಾರು ಕಿತ್ತದ್ದು?" ಎಂದು ಕೇಳಿದ.

"ನಾನೇ," ಎಂದಳು ಪಕ್ಕದ ಮನೆಯವಳು. "ಒನಕೆ ಹಾಕಿ ಮೀಟಿದೆ. ಬೇಡ ಕಣಜ್ಜಿ, ಗಾಳಿ ನುಗ್ಗುತ್ತೆ ಅಂದೆ. ಕೇಳಬೇಕಲ್ಲ! ಚಳಿ ಕೆಳಗಿನಿಂದ ಬರೋದಕ್ಕಿಂತ ಎದುರಿನಿಂದ ಬರಲಿ, ಎದುರಿನಿಂದ ಬಂದರೆ ಬೈಯಬಹುದು ಅಂದಳು."

"ಯಾವತ್ತು?"

"ಹದಿನಾರು ದಿನ ಆಯ್ತು. ಬುಧವಾರ."

ಬಡಗಿ ಗೋಣಿ ಸರಿಸಿ ಹೊರಗೆ ಬಂದ. ಹೆಂಗಸರು ಬಿಸಿನೀರು ಕಾಯಿಸಿ, ಬಟ್ಟೆ ಅದ್ದಿ, ಮಂಡಿಗೆ ಒತ್ತಿ ಒತ್ತಿ ಕಾಲನ್ನು ನೇರ ಮಾಡಿದರು. ಬಹಳ ಹೊತ್ತಾಯಿತು. ಅಷ್ಟು ಹೊತ್ತೂ ಅವನು ಹೊರಗೆ ಗೋಣಿಯ ಪಕ್ಕದಲ್ಲಿ ನಿಂತಿದ್ದ. ಅವರು ಕರೆದ ಮೇಲೆ ಒಳಗೆ ಹೋಗಿ ಅಳೆದು ಗಂಟು ಹಾಕಿದ. ಗಂಟು ಒಮ್ಮೆಗೆ ಬೀಳಲಿಲ್ಲ.

ಮನೆಗೆ ಬಂದು ಅಟ್ಟದ ಹಲಗೆಗಳನ್ನು ಇಳಿಸಿದ. ಅವನು ಮಾಡಿದ ಪೆಟ್ಟಿಗೆಗಳಲ್ಲಿ ಅದರಷ್ಟು ಚೆನ್ನಾದದ್ದು ಇನ್ನೊಂದಿರಲಿಲ್ಲ. ಒಳಗಿನ ಬದಿಯನ್ನೂ, ಯಾರೂ ನೋಡದ ತಳವನ್ನೂ ಕೀಸಿ ನುಣುಪು ಮಾಡಿದ. ಹೆಂಡತಿ ಊಟಕ್ಕೆ ಕರೆದಳು. ಅವನು ಏಳಲಿಲ್ಲ.

ಮರುದಿನ ಸ್ಮಶಾನಕ್ಕೆ ಸಭೆಯೆಲ್ಲ ಬಂದಿತ್ತು. ಪೆಟ್ಟಿಗೆಯನ್ನು ನೋಡಿ, ಹುರಿಗಾಳು ಮಾರುವವಳಿಗೆ ಎಂಥ ಭಾಗ್ಯ ನೋಡು ಎಂದು ಜನ ಮಾತಾಡಿಕೊಂಡರು. ಸಭಾಪಾಲಕರು ಪ್ರಾರ್ಥನೆ ಮಾಡಿದರು. ಹಗ್ಗ ಹಾಕಿ ಪೆಟ್ಟಿಗೆಯನ್ನು ಗುಂಡಿಯ ಮೇಲಕ್ಕೆ ತಂದಾಗ ಅವರು ಹೇಳಿದರು:

"ಪ್ರೀತಿ ಎಂದರೇನೆಂದು ತಿಳಿಯಬೇಕಾದವರು ಈ ಪೆಟ್ಟಿಗೆಯನ್ನು ನೋಡಿ ತಿಳಿಯಿರಿ."

ಆಗ ಬಡಗಿ ಮುಂದೆ ಬಂದ.

"ಹಾಗೆ ಹೇಳಬೇಡಿ, ಅಯ್ಯನವರೇ. ಬದುಕಿದ್ದಾಗ ಇವಳು ಕೇಳಿದ್ದು ಇದೇ ಹಲಗೆಯನ್ನು. ನಾನು ಕೊಡಲಿಲ್ಲ."

 ಹಗ್ಗ ಹಿಡಿದವರು ಇಳಿಸುವುದನ್ನು ನಿಲ್ಲಿಸಿದರು. ಪೆಟ್ಟಿಗೆ ಗುಂಡಿಯ ಮೇಲೆ ತೂಗುತ್ತಾ ನಿಂತಿತು.  ಒಬ್ಬ ಹಿರಿಯರು ಬಡಗಿಯ ತೋಳು ಹಿಡಿದು, ಸುಮ್ಮನಿರಪ್ಪ, ನಿನ್ನ ಹರಕೆ ದೊಡ್ಡದು ಎಂದರು. ಬಡಗಿ ಅವರನ್ನು ಗುರುತೇ ಇಲ್ಲದವನಂತೆ ನೋಡಿದ.

ಕೊನೆಗೆ ಹಗ್ಗ ಹಿಡಿದವರಲ್ಲೊಬ್ಬ, "ಇಳಿಸೋಣವಾ? ಕೈ ಸೋಲ್ತಾ ಇದೆ," ಎಂದ. ಇಳಿಸಿದರು.

ಮಾರನೆಯ ಬೆಳಿಗ್ಗೆ ಬಡಗಿ ಏರಿಯ ಕೆಳಗೆ ಹೋಗಿ, ಆ ಬಾಗಿಲನ್ನು ಇಟ್ಟಿಗೆಗಳ ಮೇಲಿನಿಂದ ಎತ್ತಿ, ಅದರ ಜಾಗದಲ್ಲಿ ಕೂರಿಸಿ, ಮೊಳೆ ಹೊಡೆದು ಬಂದ. ಒಳಗೆ ಯಾರೂ ಇರಲಿಲ್ಲ.

ಉಪದೇಶಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

 ಯೋವೇಲನ ಮುಖ ಬಿಳುಪೇರಿತ್ತು. ಆದರೂ ಅವನು ಎಚ್ಚರದ ಮನುಷ್ಯ. ತನ್ನ ಕೈಗೆ ಒಪ್ಪಿಸಿದ್ದನ್ನು ಕಾಯುವುದು ಅವನ ಸ್ವಭಾವ. ಅವನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಿಯೇ ಬಿಟ್ಟ.

"ಬಡಗಿಯ ಸಂಕಟ ತಿಳಿಯಿತು, ಅಯ್ಯನವರೇ. ಆದರೆ ಅವನೇನು ಮಾಡಬೇಕಿತ್ತು? ಅಟ್ಟದ ಮೇಲಿದ್ದದ್ದು ಒಂದೇ ಪೆಟ್ಟಿಗೆಯ ಮರ. ಅದನ್ನು ಮುದುಕಿಯ ಮಂಚಕ್ಕೆ ಹಾಕಿ, ಮರುದಿನವೇ ಊರಿನಲ್ಲಿ ಇನ್ನೊಬ್ಬ ಬಡವ ಸತ್ತಿದ್ದರೆ? ಹರಕೆಯೂ ಹೋಗುತ್ತಿತ್ತು, ಮರವೂ ಹೋಗುತ್ತಿತ್ತು."

ಉಪದೇಶಿಗಳು ಹೇಳಿದರು:

"ಮಂಚಕ್ಕೆ ಪೆಟ್ಟಿಗೆಯ ಅರ್ಧದಷ್ಟು ಮರ ಸಾಕು. ಬೆಳಿಗ್ಗೆ ಬಂದವಳು ಕೇಳಿದ್ದೂ ಎರಡೇ ಸೇರು."