ಆನೆಯ ಅರವತ್ತು ನಿಲುವು

ಶಿಷ್ಯ ಮರುಳಸಿದ್ಧ ಕೇಳಿದ: "ಮನಸ್ಸು ಗಳಿಗೆಗೊಂದು ಬಗೆ ಬುದ್ಧೀ. ಬರೆದಿಡಲು ಹೊರಟೆ, ಪಟ್ಟಿ ನೂರು ದಾಟಿತು. ಎಲ್ಲವನ್ನೂ ತಿಳಿದೇ ಗೆಲ್ಲಬೇಕೆ?"

"ನೂರು ಬರೆದೆಯಾ? ಪಾಪ, ಕಷ್ಟಪಟ್ಟಿದ್ದೀಯೆ," ಎಂದು ನಕ್ಕು ಗುರುಗಳು ಹೇಳತೊಡಗಿದರು.

ಒಬ್ಬ ಮಾವುತನಿಗೆ ಕಣ್ಣು ಮಂಜಾಯಿತು. ಆನೆಯನ್ನು ಅಳಿಯನಿಗೆ ವಹಿಸಬೇಕಾಯಿತು. ಆನೆಯ ಒಂದೊಂದು ನಿಲುವಿಗೂ ಅವರ ಮನೆಯಲ್ಲಿ ಒಂದೊಂದು ಹೆಸರು: ಮಣ್ಣೆರಚು, ತಲೆದೂಗು, ಹೀಗೆ ಅರವತ್ತು. ಅರಿಯದೆ ಹತ್ತಿರ ಹೋದರೆ ಮಗಳ ತಾಳಿಗೇ ಸಂಚಕಾರ ಎಂದು ಮಾವ ಮುಚ್ಚುಮರೆಯಿಲ್ಲದೆ ಹೇಳಿದ.

ಅರವತ್ತು ಹೆಸರು ಅಳಿಯನ ತಲೆಯಲ್ಲಿ ನಿಲ್ಲಲಿಲ್ಲ. ಜಾಣನಲ್ಲವೇ, ತಾನೇ ಕಡಿಮೆ ಮಾಡಿಕೊಂಡ. ನೋಡಲು ಒಂದೇ ತರಹ ಇದ್ದವನ್ನೆಲ್ಲ ಒಟ್ಟಿಗೆ ಸೇರಿಸಿದ. ಮೇವು ತಿಂದು ಅಲುಗದೆ ನಿಂತರೆ 'ಉಂಡ ನಿಲುವು', ಮೇವು ಮುಟ್ಟದೆ ನಿಂತರೆ 'ಬಿಗಿ ನಿಲುವು'. ನಿಂತದ್ದು ನಿಂತದ್ದೇ ತಾನೆ ಎಂದು ಅವೆರಡನ್ನೂ ಒಂದು ಮಾಡಿದ.

ಮರುದಿನ ಬೆಳಿಗ್ಗೆ ಆನೆ ಅಲುಗದೆ ನಿಂತಿತ್ತು. ಮೇವು ಹಾಕಿದಂತೆಯೇ ಇತ್ತು. ಅಳಿಯ ಸರಪಳಿ ಬಿಚ್ಚಲು ಬಗ್ಗಿದ. ಸೊಂಡಿಲು ಬೀಸಿತು. ಹುಲ್ಲಿನ ಮೆದೆಯ ಮೇಲೆ ಬಿದ್ದದ್ದರಿಂದ ಕೈ ಮಾತ್ರ ಮುರಿಯಿತು, ಜೀವ ಉಳಿಯಿತು.

ಈ ಕೆಲಸವೇ ಬೇಡ ಎಂದು ಅವನು ಅತ್ತ. ಮಾವ ಪಕ್ಕದಲ್ಲಿ ಕೂತು ಹೇಳಿದ: "ಅರವತ್ತನ್ನು ನಾನೂ ಇಟ್ಟುಕೊಂಡಿಲ್ಲ ಅಳಿಯಂದಿರೇ. ಹೇಗೆ ಕಾಣುತ್ತದೆ ಎಂಬುದನ್ನು ಬಿಡಿ. ಅದಾದ ಮೇಲೆ ಏನಾಗುತ್ತದೆ, ಹತ್ತು ಸಲದಲ್ಲಿ ಎಷ್ಟು ಸಲ ಆಗುತ್ತದೆ, ಅದನ್ನು ನೋಡಿ. ಎರಡು ನಿಲುವಿಗೆ ಅದು ಒಂದೇ ಆದರೆ ಹೆಸರೂ ಒಂದೇ ಸಾಕು."

ಕೈ ಕೂಡುವವರೆಗೆ ಅಳಿಯ ದೂರ ಕೂತು ಎಣಿಸಿದ. ಮಣ್ಣೆರಚಿದ ಮೇಲೆ ಹತ್ತರಲ್ಲಿ ಒಂಬತ್ತು ಸಲ ಆನೆ ನೀರಿಗೆ ಹೊರಡುತ್ತಿತ್ತು. ತಲೆದೂಗಿದ ಮೇಲೂ ಅಷ್ಟೇ. ಅವೆರಡು ಒಂದಾದವು. ಉಂಡ ನಿಲುವಾದ ಮೇಲೆ ನಿದ್ದೆ, ಬಿಗಿ ನಿಲುವಾದ ಮೇಲೆ ಏಟು. ಅವು ಮತ್ತೆ ಬೇರೆಯಾದವು. ಅರವತ್ತು ಏಳಕ್ಕೆ ಇಳಿಯಿತು. ಆ ಏಳನ್ನು ನಂಬಿಯೇ ಅವನು ಆನೆಯ ಜೊತೆ ಮುದುಕನಾದ.

ಕತೆ ಮುಗಿಯಿತು. ಮರುಳಸಿದ್ಧನಿಗೆ ಹಿಗ್ಗಾಯಿತು. ತಾನೂ ಅಷ್ಟಿಷ್ಟು ವಿಂಗಡಿಸಿದ್ದೇನೆ, ಕೋಪವನ್ನು ಒಂದು ಕಡೆ, ಉಪವಾಸದ ಭಕ್ತಿಯನ್ನು ಇನ್ನೊಂದು ಕಡೆ ಬರೆದಿದ್ದೇನೆ ಎಂದು ಪಟ್ಟಿಯನ್ನು ಮುಂದೆ ಹಿಡಿದ.

ಗುರುಗಳು ಪಟ್ಟಿಯ ಕಡೆ ನೋಡಲಿಲ್ಲ.

"ಮೊನ್ನೆ ಅಡುಗೆಯವನನ್ನು ಬೈದ ಮೇಲೂ, ನಿನ್ನೆ ಉಪವಾಸವಿದ್ದ ಮೇಲೂ, ಪಂಕ್ತಿಯಲ್ಲಿ ಉಣ್ಣುತ್ತಿದ್ದವರನ್ನು ನೀನು ಕೀಳಾಗಿ ನೋಡಿದ ನೋಟ ಒಂದೇ ಇತ್ತಲ್ಲ, ಮರುಳಸಿದ್ಧ."