ಗುಡ್ಡದ ಮೇಲೆ ನಿಂತವನು

“ಗುರುಗಳೇ, ನನ್ನ ಕಣ್ಣು ತೆರೆಸಿದವರು ನೀವು. ಈ ಉಪಕಾರವನ್ನು ನಾನು ಹೇಗೆ ನೆನೆಯಬೇಕು?” ಎಂದು ಶಿಷ್ಯ ಕೇಳಿದ.

ಹನ್ನೊಂದು ವರ್ಷ ಕಲಿತು ಅಂದು ಅವನು ಮಠದಿಂದ ಹೊರಟಿದ್ದ. ಗುರುಗಳ ಪಾದಕ್ಕೆ ನಮಸ್ಕರಿಸಿ ಎದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಳಗಾವಿ ಕಡೆ ನಾಲ್ವರು ಗೆಳೆಯರಿದ್ದರು. ಯಾರೂ ಸಿರಿವಂತರಲ್ಲ. ಭರತೇಶ ಎಂಬವನಿಗೆ ಲೇತ್ ಮಷೀನಿನ ಕೆಲಸ. ರಾಯಪ್ಪ ಎಂಬವನು ಬೇಕರಿ ನಡೆಸುತ್ತಿದ್ದ. ಉಳಿದ ಇಬ್ಬರು ಗ್ಯಾರೇಜಿನವರು. ನಾಲ್ವರಿಗೂ ಕಾರ್ ರೇಸಿನ ಹುಚ್ಚು. ಒಂದು ಹಳೆಯ ಕಾರನ್ನು ಕೊಂಡು, ಬಿಡುವಿದ್ದಾಗಲೆಲ್ಲ ಬಿಚ್ಚಿ ಜೋಡಿಸಿ, ವರ್ಷಕ್ಕೊಮ್ಮೆ ಹವ್ಯಾಸಿಗಳಿಗಾಗಿ ನಡೆಯುವ ಎಂಟು ಗಂಟೆಗಳ ರೇಸಿಗೆ ಒಯ್ಯುತ್ತಿದ್ದರು. ಅದರಲ್ಲಿ ಒಬ್ಬ ಇಳಿದರೆ ಇನ್ನೊಬ್ಬ ಹತ್ತಬೇಕು, ಕಾರು ಮಾತ್ರ ಓಡುತ್ತಲೇ ಇರಬೇಕು.

ಮೊದಲ ವರ್ಷ ಅವರಿಗೆ ತಮ್ಮ ಚಾಲಕನೊಂದಿಗೆ ಮಾತಾಡುವ ಉಪಾಯವೇ ಇರಲಿಲ್ಲ. ಪಿಟ್ ಎಂದರೆ ಕಾರಿಗೆ ಪೆಟ್ರೋಲ್ ತುಂಬಿಸಿ ಚಾಲಕರನ್ನು ಬದಲಿಸುವ ಜಾಗ. ಅಲ್ಲಿ ನಿಂತು ಹಲಗೆಯ ಮೇಲೆ ಬರೆದು ತೋರಿಸಿದರು. ಓಡಿಸುತ್ತಿದ್ದ ಭರತೇಶ ಹಲಗೆಯನ್ನು ನೋಡಲಿಲ್ಲ. ಪೆಟ್ರೋಲ್ ಮುಗಿದು ಕಾರು ನಡುದಾರಿಯಲ್ಲಿ ನಿಂತಿತು.

ದೊಡ್ಡ ತಂಡಗಳ ಹತ್ತಿರ ರೇಡಿಯೋ ಇತ್ತು. ಅದರ ಬೆಲೆಗೆ ಇವರ ಕಾರಿನಂಥ ಎರಡು ಕಾರು ಬರುತ್ತಿದ್ದವು. ಗೆಳೆಯರು ಫಕೀರಪ್ಪ ಕಾಕಾನ ಹತ್ತಿರ ಹೋದರು. ಕಾಕಾ ಪೊಲೀಸ್ ಇಲಾಖೆಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು ನಿವೃತ್ತನಾದವನು.

ಕಾಕಾ ಪರವಾನಗಿ ಬೇಡದ ಅಗ್ಗದ ವಾಕಿಟಾಕಿಗಳನ್ನು ತರಿಸಿದ. ಕಾರಿನ ಅದುರಾಟ ತಾಗದಂತೆ ಒಂದರ ಕೆಳಗೆ ಸ್ಪಂಜು ಇಟ್ಟು ಸೀಟಿನ ಹಿಂದಿನ ಕಬ್ಬಿಣದ ಸರಳಿಗೆ ಬಿಗಿದ. ವೈರುಗಳನ್ನು ತಿರುಚಿ ಕಟ್ಟದೆ ಬೆಸುಗೆ ಹಾಕಿದ. ಎಂಜಿನ್ನಿನ ಗುಂಯ್‌ಗುಡುವಿಕೆ ಮಾತಿನಲ್ಲಿ ಸೇರಬಾರದೆಂದು ಅವನ್ನು ಸ್ಪಾರ್ಕ್ ಪ್ಲಗ್ಗಿನ ವೈರಿನಿಂದ ದೂರ ಎಳೆದ. ಹೆಲ್ಮೆಟ್ಟಿನ ಒಳಗೆ ಬಾಯಿಯ ಹತ್ತಿರ ಸಣ್ಣ ಮೈಕು, ಕಿವಿಯೊಳಗೆ ಮೆತ್ತನೆಯ ಇಯರ್‌ಫೋನು. ಮಾತಾಡುವ ಗುಂಡಿಯನ್ನು ಸ್ಟೀರಿಂಗಿಗೇ ಕಟ್ಟಿದ. ಚಾಲಕ ಬದಲಾದಾಗಲೆಲ್ಲ ಬ್ಯಾಟರಿಯೂ ಬದಲಾಗಬೇಕೆಂದು ಕಟ್ಟುಮಾಡಿದ.

ಆಮೇಲೆ ಅವರಿಗೆ ಮಾತಾಡುವುದನ್ನು ಕಲಿಸಿದ. ಮೊದಲು ಹೆಸರು. ಆಮೇಲೆ ಹೇಳಬೇಕಾದ್ದು. ಅದೂ ಮೂರು ನಾಲ್ಕು ಪದ, ಎರಡು ಸಲ. ನಾಲ್ವರೂ ಮಾತುಗಾರರು. ಇದನ್ನು ಕಲಿಯಲು ಅವರಿಗೆ ಒಂದು ತಿಂಗಳು ಹಿಡಿಯಿತು.

ರೇಸಿನ ಹಿಂದಿನ ದಿನ ಟ್ರ್ಯಾಕಿನಲ್ಲಿ ಪರೀಕ್ಷೆ ಮಾಡಿದರು. ಎಲ್ಲ ಕಡೆ ಮಾತು ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಆದರೆ ಟ್ರ್ಯಾಕಿನ ಆಚೆ ತುದಿಯಲ್ಲಿ ಒಂದು ಗುಡ್ಡವಿತ್ತು. ಕಾರು ಗುಡ್ಡದ ಹಿಂದೆ ಹೋದ ಕೂಡಲೇ ಮಾತು ಸತ್ತುಹೋಗುತ್ತಿತ್ತು. ಇಳಿಜಾರೂ ಕಡಿದಾದ ತಿರುವೂ ಅಲ್ಲೇ ಇದ್ದವು. ಕಾಕಾ ಎರಡು ಗಂಟೆ ಏನೇನೋ ಮಾಡಿ ನೋಡಿದ. ಅಗ್ಗದ ಸೆಟ್ಟಿನ ಶಕ್ತಿ ಅಷ್ಟೇ ಎಂದು ಕೊನೆಗೆ ಕೈಚೆಲ್ಲಿದ.

“ಒಂದೇ ದಾರಿ ಐತಿ. ಇನ್ನೊಂದು ಸೆಟ್ ಹಿಡಕೊಂಡು ಒಬ್ಬ ಗುಡ್ಡದ ಮ್ಯಾಲ ನಿಲ್ಲಬೇಕು. ನಾ ಹೇಳಿದ್ದನ್ನ ಅವ ಕೇಳಿ, ಮತ್ತ ಕೆಳಗ ಹೇಳಬೇಕು. ಎಂಟು ತಾಸೂ ಅಲ್ಲೇ ಇರಬೇಕು” ಎಂದ.

ನಾಲ್ವರೂ ನೆಲ ನೋಡಿದರು. ತಲೆಗೆ ಎರಡು ಗಂಟೆ ಕಾರು ಓಡಿಸುವುದೆಂದು ಹಂಚಿಕೊಂಡಿದ್ದರು. ಆ ಎರಡು ಗಂಟೆಗಾಗಿ ಇಡೀ ವರ್ಷ ಕಾದಿದ್ದರು. ಗುಡ್ಡ ಹತ್ತುವವನಿಗೆ ಈ ಸಲ ಕಾರು ಇಲ್ಲ.

“ನಾ ನಿಂದರ್ತೀನಿ” ಎಂದ ರಾಯಪ್ಪ. ಅವನ ಸರದಿಯನ್ನು ಭರತೇಶನಿಗೆ ಕೊಟ್ಟರು. ಭರತೇಶ ತನ್ನ ಸಂತೋಷವನ್ನು ಅಡಗಿಸಿಕೊಂಡ.

ಬೆಳಿಗ್ಗೆ ರೇಸು ಶುರುವಾಯಿತು. ರಾಯಪ್ಪ ರೇಸು ನಡೆಸುವವರ ಒಪ್ಪಿಗೆ ಪಡೆದು, ಬೇಲಿಯ ಆಚೆಯಿಂದ ಗುಡ್ಡ ಹತ್ತಿ ನಿಂತ. ಅಲ್ಲಿ ಮರವಿರಲಿಲ್ಲ. ಅವನು ಒಯ್ದ ಛತ್ರಿಯನ್ನು ಗಾಳಿ ಮೊದಲ ಗಂಟೆಯಲ್ಲೇ ಮುರಿಯಿತು. ಕಾರು ಗುಡ್ಡದ ಹಿಂದೆ ಬಂದಾಗಲೆಲ್ಲ ಕಾಕಾ ಹೇಳಿದ್ದನ್ನು ಅವನು ಚಾಲಕನಿಗೆ ಹೇಳಿದ, ಚಾಲಕ ಹೇಳಿದ್ದನ್ನು ಕಾಕಾನಿಗೆ ಹೇಳಿದ. ಕಾರುಗಳ ಅಬ್ಬರದಲ್ಲಿ ಪ್ರತಿ ಮಾತನ್ನೂ ಕೂಗಿಯೇ ಹೇಳಬೇಕಾಗಿತ್ತು.

ಭರತೇಶ ತನ್ನ ಸರದಿಯಲ್ಲಿ ಕಾರು ಹತ್ತಿದ. ಕಿವಿಯಲ್ಲಿ ಮಾತು ಕೇಳಿಸುತ್ತಿತ್ತು. ಮೊದಮೊದಲು ಇದು ಪಿಟ್ಟಿನ ದನಿ, ಇದು ಗುಡ್ಡದ ದನಿ ಎಂದು ಗುರುತಿಸುತ್ತಿದ್ದ. ಆ ಚಿಕ್ಕ ಇಯರ್‌ಫೋನಿನಲ್ಲಿ ಎಲ್ಲರ ದನಿಯೂ ಒಂದೇ ತರ. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲೆ ಒಬ್ಬ ನಿಂತಿದ್ದಾನೆ ಎಂಬುದನ್ನೇ ಮರೆತ.

ಆರನೆಯ ಗಂಟೆಯಲ್ಲಿ ಕಾರು ಪಿಟ್ಟಿನ ಮುಂದೆ ಹಾದುಹೋಯಿತು. ಅದರ ಹಿಂದಿನ ಎಡ ಚಕ್ರ ಓಲಾಡುವುದನ್ನು ಕಾಕಾ ಕಂಡ. ಕಣ್ಣಿಗೆ ಸರಿಯಾಗಿ ಕಂಡಿತೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಅನುಮಾನಿಸಿದ. ಅವನು ಸೆಟ್ಟಿನ ಗುಂಡಿ ಒತ್ತುವ ಹೊತ್ತಿಗೆ ಕಾರು ಗುಡ್ಡದ ಮರೆಗೆ ಹೋಗಿತ್ತು.

ಭರತೇಶ ಇಳಿಜಾರಿನಲ್ಲಿ ವೇಗ ಹೆಚ್ಚಿಸುತ್ತಿದ್ದ. ತಿರುವು ಎದುರಿಗೇ ಇತ್ತು. ಆಗ ಕಿವಿಯಲ್ಲಿ ಮಾತು ಕೇಳಿಸಿತು.

“ಭರತೇಶ, ನಿಲ್ಲಿಸು. ಹಿಂದಿನ ಎಡಗಾಲಿ. ಭರತೇಶ, ನಿಲ್ಲಿಸು.”

ಅವನು ಯಾಕೆ ಎಂದು ಕೇಳಲಿಲ್ಲ. ವೇಗ ಇಳಿಸಿ ಕಾರನ್ನು ಮೆಲ್ಲಗೆ ಹುಲ್ಲಿನ ಮೇಲೆ ತಂದ. ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಚಕ್ರ ಕಳಚಿ, ತಾನೊಂದೇ ಉರುಳುತ್ತಾ ಹೋಗಿ ಬೇಲಿಗೆ ಬಡಿಯಿತು. ಭರತೇಶ ಆ ತಿರುವನ್ನು ನೋಡಿದ.

ಕಾರನ್ನು ಎಳೆದು ತಂದರು. ಚಕ್ರ ಕೂರಿಸಿದರು. ಕಾರು ಮತ್ತೆ ಓಡಿತು. ಸಂಜೆ ಎಲ್ಲರಿಗಿಂತ ಕೊನೆಯವರಾಗಿ ರೇಸು ಮುಗಿಸಿದರು. ಆದರೂ ಗೆದ್ದವರಿಗಿಂತ ಹೆಚ್ಚು ಕುಣಿದರು.

ಭರತೇಶ ಕಾಕಾನ ಕಾಲಿಗೆ ಬಿದ್ದ. “ಕಾಕಾ, ನಿಮ್ಮ ದನಿ ನನ್ನ ಜೀವ ಉಳಿಸ್ತು” ಎಂದ.

ಕಾಕಾ ಅವನನ್ನು ಎತ್ತಿದ. “ನನ್ನ ದನಿ ಅಲ್ಲಿಗೆ ಮುಟ್ಟೂದಿಲ್ಲಪಾ” ಎಂದ.

ಭರತೇಶ ತಿರುಗಿ ನೋಡಿದ. ಗುಡ್ಡದ ಕಡೆಯಿಂದ ರಾಯಪ್ಪ ಒಬ್ಬನೇ ನಡೆದು ಬರುತ್ತಿದ್ದ. ಅವನನ್ನು ಕರೆತರಲು ಗಾಡಿ ಕಳಿಸುವುದನ್ನು ಎಲ್ಲರೂ ಮರೆತಿದ್ದರು. ಭರತೇಶ ರೇಸಿನ ಬಟ್ಟೆಯಲ್ಲೇ ಅವನತ್ತ ಓಡಿದ.

ರಾಯಪ್ಪನ ಮುಖ ಬಿಸಿಲಿಗೆ ಕೆಂಪಗೆ ಸುಟ್ಟಿತ್ತು. ತುಟಿ ಒಡೆದಿತ್ತು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಅವನು ಪಿಸುಗುಟ್ಟಿದ ಹಾಗೆ ಕೇಳಿದ: “ನನ್ನ ಮಾತು ಛಲೋ ಕೇಳಿಸ್ತಿತ್ತೇನು?”

ಭರತೇಶ ಅವನ ಎರಡೂ ಕೈ ಹಿಡಿದುಕೊಂಡ. ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಓಡಿಬಂದಿದ್ದ. ಬಾಯಿಗೆ ಬಂದದ್ದು ಒಂದೇ ಪದ.

“ಕೇಳಿಸ್ತು” ಎಂದ. ಮತ್ತೆ, “ಕೇಳಿಸ್ತು” ಎಂದ. ಆಮೇಲೆ ಅತ್ತ.

ಮರುವರ್ಷ ಕಾಕಾ ಕೇಳುವ ಮೊದಲೇ ಭರತೇಶ ಗುಡ್ಡ ಹತ್ತಿದ್ದ. ತನ್ನ ಸರದಿಯನ್ನೂ ರಾಯಪ್ಪನಿಗೇ ಕೊಟ್ಟ. ಇಡೀ ದಿನ ಬಿಸಿಲಲ್ಲಿ ನಿಂತು, ಕೆಳಗೆ ಕಾರು ಹಾದುಹೋದಾಗಲೆಲ್ಲ ಅದರೊಳಗೆ ಕೂತವನ ಹೆಸರು ಕೂಗಿದ. ಮೂರು ದಿನ ಅವನಿಗೆ ಮಾತು ಹೊರಡಲಿಲ್ಲ. ಅಷ್ಟು ಸಂತೋಷ ತನಗೆ ಕಾರು ಓಡಿಸಿದಾಗಲೂ ಆಗಿರಲಿಲ್ಲ ಎಂದು ಆಮೇಲೆ ಮನೆಯವರಿಗೆ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು ಕುಳಿತೇ ಇದ್ದ, ಇನ್ನೂ ಏನೋ ಹೇಳುವರೆಂದು.

“ಹನ್ನೊಂದು ವರ್ಷದ ಹಿಂದೆ ನಿನ್ನನ್ನು ಈ ಬಾಗಿಲವರೆಗೆ ಕರೆತಂದು ಬಿಟ್ಟು ಹೋದವರು ಈಗ ಎಲ್ಲಿದ್ದಾರೆ?” ಎಂದು ಕೇಳಿದರು.

ಶಿಷ್ಯ ಎದ್ದು ಮತ್ತೊಮ್ಮೆ ನಮಸ್ಕರಿಸಿ, ಅವರನ್ನು ಹುಡುಕಿಕೊಂಡು ಹೊರಟ.