ಮುರುಕು ರೊಟ್ಟಿಯ ಗೌರವ್ವ

ಹಚ್ಚಿದ ದೀಪಕ್ಕೆ ಶರಣು, ಕವುಚಿಟ್ಟ ಹಂಚಿಗೆ ಶರಣು. ಒಲೆಯ ಮೇಲೆ ಹಾಲಿಟ್ಟು ಬಂದವರು ಈಗಲೇ ಹೋಗಿ ಇಳಿಸಿ ಬನ್ನಿ, ಈ ಕಥೆಯ ನಡುವೆ ಎದ್ದು ಹೋಗುವಂತಿಲ್ಲ. ಬಲಗೈಯಲ್ಲಿ ಐದು ಕಾಳು ಬಿಳಿಜೋಳ ಹಿಡಿದು ಕೇಳಿ. ನಾಗಚೌತಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಹೊತ್ತಿಗೆ, ಹಿರಿಯರು ಹೇಳಿಕೊಂಡು ಬಂದದ್ದನ್ನು ನಾನು ಹೇಳುತ್ತೇನೆ.

ಕರಿಮಣ್ಣಿನ ಸೀಮೆಯಲ್ಲಿ ಕೆಂಚನಹಾಳವೆಂಬ ಊರಿತ್ತು. ಆ ಊರಿನಲ್ಲಿ ನೀಲಗಂಗವ್ವನೆಂಬ ಮನೆಯೊಡತಿ ಇದ್ದಳು. ಅವಳಿಗೆ ಭರಮಪ್ಪನೆಂಬ ಒಬ್ಬನೇ ಮಗ, ಭತ್ತದ ಸೀಮೆಯಿಂದ ತಂದ ಹಂಪವ್ವನೆಂಬ ಸೊಸೆ, ಶಾಂತವ್ವ ತುಂಗವ್ವ ಎಂಬ ಇಬ್ಬರು ಮೊಮ್ಮಕ್ಕಳು. ನೆಲದೊಳಗಿನ ಹಗೇವಿನ ತುಂಬ ಜೋಳ, ಹಟ್ಟಿಯ ತುಂಬ ದನ. ನೀಲಗಂಗವ್ವ ರೊಟ್ಟಿ ಬಡಿಯಲು ಕೂತಳೆಂದರೆ ಓಣಿಗೆಲ್ಲ ಸಪ್ಪಳ ಕೇಳುತ್ತಿತ್ತು, ಹಂಚಿನ ಮೇಲೆ ಹಾಕಿದ್ದು ಹಾಕಿದಂತೆ ಉಬ್ಬುತ್ತಿತ್ತು, ಒಂದರ ಅಂಚೂ ಸೀಳುತ್ತಿರಲಿಲ್ಲ.

ಅವಳ ಅತ್ತೆ ಸಾಯುವ ಮುಂಚೆ ಗೌರವ್ವನ ವ್ರತವನ್ನು ಅವಳ ಕೈಗೆ ಒಪ್ಪಿಸಿ ಹೋಗಿದ್ದಳು. ವರ್ಷಕ್ಕೊಮ್ಮೆ ರೊಟ್ಟಿ ಹಬ್ಬದ ದಿನ ಹಂಚನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಐದು ರೊಟ್ಟಿ ಮಾಡಬೇಕು. ಒಂದು ದೇವರಿಗೆ, ಒಂದು ಹಸುವಿಗೆ, ಒಂದು ನೆರೆಮನೆಗೆ, ಒಂದು ಬಾಗಿಲಿಗೆ ಬಂದವರಿಗೆ. ಐದನೆಯದನ್ನು ಮಾತ್ರ ಬಲ್ಲವಳು ಬಡಿಯಬಾರದು. ಮನೆಯಲ್ಲಿ ಕಲಿಯದ ಕೈ ಯಾವುದಿದೆಯೋ ಅದರ ಮೇಲೆ ತನ್ನ ಕೈಯಿಟ್ಟು ಬಡಿಸಬೇಕು. ಅದು ಮುರಿಯಲಿ, ಸೀಯಲಿ, ಅದೇ ಗೌರವ್ವನ ಪಾಲು.

ನೀಲಗಂಗವ್ವ ನಾಲ್ಕನ್ನು ನಡೆಸಿದಳು, ಐದನೆಯದನ್ನು ಬಿಟ್ಟಳು. ಹಬ್ಬದ ದಿನ ನಾಲ್ಕು ಮಂದಿ ಬರುವಾಗ ದೇವರ ಮುಂದೆ ಮುರುಕು ರೊಟ್ಟಿ ಇಡುವುದೆಂದರೆ ಅವಳಿಗೆ ಮೂಗು ಕೊಯ್ದಷ್ಟು ಅವಮಾನ. ಐದನ್ನೂ ತಾನೇ ಬಡಿದು, ಹಿಟ್ಟು ನಾದುವಾಗ ಅಡುಗೆಮನೆಯ ಕದ ಮುಚ್ಚಿಕೊಂಡಳು. ನೆರೆಯವರು ಬೀರಿದ ರೊಟ್ಟಿಯನ್ನು ಅವರ ಕಣ್ಣೆದುರಿಗೇ ಎಮ್ಮೆಗೆ ಹಾಕಿದಳು. ಹಂಪವ್ವನಿಗೆ ನೀರು ತರುವುದು, ಒಲೆಗೆ ಸೆಗಣಿಯ ಕುರುಳು ಜೋಡಿಸುವುದು, ಇಷ್ಟೇ ಕೆಲಸ. ಒಂದು ಸಲ ಅವಳು ಹೊಸ್ತಿಲಲ್ಲಿ ನಿಂತು, "ಅತ್ತೀ, ನನಗೂ ಒಂದ್ ಬಡಿಯಾಕ ಕಲಿಸ್ರಿ" ಎಂದು ಕೇಳಿದ್ದಕ್ಕೆ, "ಅಕ್ಕಿ ತೊಳದ ಕೈಗೆ ಜೋಳ ಒಗ್ಗೂದಿಲ್ಲ. ನಾ ಇರೂತನಾ ಉಂಡಕೊಂಡಿರು" ಎಂದಳು. ತಾನು ಎಂದೆಂದಿಗೂ ಇರುವವಳ ಹಾಗೆ ಅಂದಳು, ಪುಣ್ಯಾತ್ಗಿತ್ತಿ.

ಹೀಗಿರಲು ಒಂದು ರೊಟ್ಟಿ ಹಬ್ಬದಂದು ಗೌರವ್ವ ಹಲ್ಲುದುರಿದ ಮುದುಕಿಯ ವೇಷ ತಳೆದು, ಕೋಲೂರಿಕೊಂಡು ಬಂದು, ಬಾಗಿಲಲ್ಲಿ ನಿಂತು, ಒಂದು ಮುರುಕು ರೊಟ್ಟಿ ಕೊಡೆಂದು ಬೇಡಿದಳು. ನೀಲಗಂಗವ್ವ ಒಳಗಿನಿಂದಲೇ, "ನಮ್ಮನ್ಯಾಗ ರೊಟ್ಟಿ ಮುರಿಯೂದಿಲ್ಲ, ಮುಂದಿನ ಮನಿಗೆ ಹೋಗು" ಎಂದಳು. ಮುದುಕಿ ಹೇಳಿದಳು: "ಮುರುಕು ಇಲ್ಲದ ಮನಿಯಾಗ ಕಲಿಯೋರಿಲ್ಲ. ಕಲಿಯೋರಿಲ್ಲದ ಮನಿ ಒಲಿ ಎಷ್ಟ್ ದಿನ ಉರೀತೈತಿ, ತಂಗಿ?" ಹೀಗೆಂದು ಕೋಲೂರಿಕೊಂಡು ಹೊರಟುಹೋದಳು.

ಹಬ್ಬ ಕಳೆದು ತಿಂಗಳೊಪ್ಪತ್ತಿನಲ್ಲಿ ನೀಲಗಂಗವ್ವ ಹಿಟ್ಟಿನ ಪರಾತದ ಮೇಲೆಯೇ ವಾಲಿ ಬಿದ್ದಳು. ಬಲಗೈ ಬಲಗಾಲು ಸತ್ತವು, ನಾಲಗೆ ಕಟ್ಟಿತು. ಮಗನು ಅವಳನ್ನು ಎತ್ತಿ ಅಡುಗೆಮನೆಯ ಕದದ ಪಕ್ಕದಲ್ಲಿ ಮಲಗಿಸಿದನು. ಅಂದಿನಿಂದ ಆ ಕದ ತೆರೆದೇ ಇತ್ತು, ಒಳಗೆ ನಡೆಯುವುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು.

ಹಂಪವ್ವ ತಣ್ಣೀರು ಹಾಕಿ ಹಿಟ್ಟು ಕಲಸಿದಳು. ಜೋಳಕ್ಕೆ ಕುದಿವ ಎಸರು ಬೇಕು, ಎಸರಿಲ್ಲದ ಹಿಟ್ಟಿಗೆ ಜಿಗಿ ಬರುವುದಿಲ್ಲ. ಅದನ್ನು ಬಲ್ಲವಳು ನಾಲ್ಕು ಮೊಳದ ದೂರದಲ್ಲಿ ಮಲಗಿ ಎಸರು ಎಂಬ ಮೂರಕ್ಷರ ಹೇಳಲಾರದೆ ಬಾಯಿ ತೆರೆದು ಮುಚ್ಚುತ್ತಿದ್ದಳು. ರೊಟ್ಟಿ ಪರಾತದಲ್ಲೇ ಸೀಳಿತು, ಹಂಚಿನ ಮೇಲೆ ಹೊರಗೆ ಸೀದು ಒಳಗೆ ಹಸಿ ಉಳಿಯಿತು. ಅಂಬಲಿ ಕಾಸಿದರೆ ತಳ ಹಿಡಿಯಿತು, ನುಚ್ಚು ಮಾಡಿದರೆ ಗಂಟು ಕಟ್ಟಿತು, ಗೌರವ್ವ ಮುನಿದ ಒಲೆಯಲ್ಲಿ ಯಾವುದೂ ಹದಕ್ಕೆ ಬರಲಿಲ್ಲ. ನೆರೆಮನೆಗೆ ಹೋಗಿ ತೋರಿಸಿಕೊಡಿರೆಂದು ಸೆರಗೊಡ್ಡಿದರೆ, "ನಮ್ಮ ರೊಟ್ಟಿ ನಿಮ್ಮ ಎಮ್ಮಿ ತಿನ್ನೂದವ್ವಾ" ಎಂದು ಕದ ಹಾಕಿಕೊಂಡರು. ಹಗೇವು ತುಂಬಿಯೇ ಇತ್ತು, ಮನೆಯವರ ಪಕ್ಕೆಲುಬು ಎದ್ದವು.

ಹಸಿ ರೊಟ್ಟಿ ತಿಂದು ತಿಂದು ಚಿಕ್ಕವಳು ತುಂಗವ್ವನ ಹೊಟ್ಟೆ ಕೆಟ್ಟಿತು. ಆ ಕೂಸು ಅಜ್ಜಿಯ ಹಾಸಿಗೆಯಲ್ಲೇ ಬಂದು ಮಲಗಿ, ಸತ್ತ ಬಲಗೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಆಯೀ, ನೀನ ಎದ್ದು ಮಾಡಿಕೊಡ" ಎಂದು ಕೇಳುತ್ತಿತ್ತು. ಒಂಬತ್ತು ದಿನ ಕೇಳಿತು. ಹತ್ತನೆಯ ದಿನ ಕೇಳಲಿಲ್ಲ. ಭರಮಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದನು. ಯಾರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನೀಲಗಂಗವ್ವನಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಮತ್ತೆ ರೊಟ್ಟಿ ಹಬ್ಬ ಬಂತು. ಅಂದು ಬೆಳಿಗ್ಗೆ ದೊಡ್ಡವಳು ಶಾಂತವ್ವನೂ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುರಿ ಕೂತಿತು. ಅದನ್ನು ಕಂಡು ನೀಲಗಂಗವ್ವನಿಗೆ ಐದನೆಯ ರೊಟ್ಟಿ ನೆನಪಾಯಿತು, ಬಾಗಿಲಲ್ಲಿ ನಿಂತ ಮುದುಕಿ ನೆನಪಾದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಂಥವರಿಗೇ ಹುಟ್ಟಿದ್ದು. ಅವಳು ಹಾಸಿಗೆಯಿಂದ ಉರುಳಿ, ಎಡಗೈ ಊರಿ ತೆವಳುತ್ತಾ ಒಲೆಯ ಮುಂದೆ ಬಂದು, ನೀರಿನ ಪಾತ್ರೆಯನ್ನು ಉರಿಯ ಮೇಲೆ ನೂಕಿದಳು. ಹಂಪವ್ವ ತಣ್ಣೀರಿನ ತಂಬಿಗೆ ಎತ್ತಿಕೊಂಡಾಗ ಅದನ್ನು ತಳ್ಳಿ ಚೆಲ್ಲಿದಳು. ಹಂಪವ್ವ ಅಂದಳು: "ಒಂದ ಕೂಸು ನುಂಗಿದಿರಿ. ಇನ್ನೂ ನಿಮ್ಮ ಹಟ ಹೋಗಲಿಲ್ಲೇನ್ರಿ, ಅತ್ತೀ?"

ನೀಲಗಂಗವ್ವ ನೀರು ಕೊತಕೊತ ಕುದಿವ ತನಕ ಕಾದು, ಒಂದೇ ಕೈಯಲ್ಲಿ ಪಾತ್ರೆಯನ್ನು ಬಗ್ಗಿಸಿ ಹಿಟ್ಟಿಗೆ ಸುರಿದಳು. ಅರ್ಧ ಹಿಟ್ಟಿಗೆ ಬಿತ್ತು, ಅರ್ಧ ಅವಳ ಕೈಮೇಲೆ ಬಿತ್ತು. ಸುಟ್ಟ ಆ ಕೈಯಿಂದಲೇ ಹಿಟ್ಟು ನಾದಿ, ಜಿಗಿ ಬಂದ ಮುದ್ದೆಯನ್ನು ಸೊಸೆಯ ಅಂಗೈಯಲ್ಲಿಟ್ಟು, ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಿರುಗಿಸಿ ತಿರುಗಿಸಿ ಬಡಿಸಿದಳು. ಅತ್ತೆ ಹಟ ಮಾಡುತ್ತಿಲ್ಲ, ಕಲಿಸುತ್ತಿದ್ದಾಳೆಂದು ಆಗ ಹಂಪವ್ವನಿಗೆ ತಿಳಿಯಿತು. ಇಬ್ಬರೂ ಅತ್ತರು. ರೊಟ್ಟಿ ಒಂದು ಬದಿ ಸೀಳಿತು, ಆದರೂ ಹಂಚಿನ ಮೇಲೆ ಒಳಗಿನ ತನಕ ಬೆಂದಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಕೋಲಿನ ಸಪ್ಪಳವಾಗಿ, ಮುದುಕಿಯೊಬ್ಬಳು ಮುರುಕು ರೊಟ್ಟಿ ಬೇಡಿದಳು. ಹಂಪವ್ವ ಶಾಂತವ್ವನಿಗೆ ಒಂದು ತುಂಡು ಮುರಿದುಕೊಟ್ಟು, ಉಳಿದದ್ದನ್ನು ತಂದು ಮುದುಕಿಯ ಸೆರಗಿಗೆ ಹಾಕಿದಳು. ನೀಲಗಂಗವ್ವ ತೆವಳಿ ಬಂದು, ಬೊಬ್ಬೆಯೆದ್ದ ಕೈಯಿಂದ ಆ ಪಾದ ಹಿಡಿದಳು. ಕಟ್ಟಿದ ನಾಲಗೆ ಬಿಚ್ಚಿತು. ಬಿಚ್ಚಿದ ನಾಲಗೆಯಲ್ಲಿ ಬಂದ ಮೊದಲ ಮಾತು, "ತುಂಗವ್ವ."

"ಮಣ್ಣಿಗೆ ಕೊಟ್ಟದ್ದು ತಿರುಗಿ ಬರೂದಿಲ್ಲ, ತಂಗಿ. ಉಳದಾಕಿಗೆ ಕಲಿಸು" ಎಂದು ಹೇಳಿ ಗೌರವ್ವ ಅಂತರ್ಧಾನಳಾದಳು.

ಶಾಂತವ್ವ ಉಳಿಯಿತು. ಒಲೆ ಹದಕ್ಕೆ ಬಂತು, ಮನೆಯವರು ಹೊಟ್ಟೆತುಂಬ ಉಂಡರು. ನೀಲಗಂಗವ್ವ ಅಡುಗೆಮನೆಯ ಕದವನ್ನು ಕೀಳಿಸಿ, ಸೊಸೆಗೆ, ಮೊಮ್ಮಗಳಿಗೆ, ಕಾಲು ಹಿಡಿದು ಕರೆತಂದ ಓಣಿಯ ಹೆಣ್ಣುಮಕ್ಕಳಿಗೆಲ್ಲ ಎಡಗೈಯಿಂದ ಕಲಿಸಿದಳು. ಅವಳು ಸಾಯುವವರೆಗೂ ಬಲಗೈ ಏಳಲಿಲ್ಲ. ಪ್ರತಿ ಹಬ್ಬದಂದು ಮುರುಕು ರೊಟ್ಟಿಯ ಮೊದಲ ಚೂರನ್ನು ಹೊಲದ ಬದುವಿಗೆ ಕಳಿಸಿ ಇಡಿಸುತ್ತಿದ್ದಳು.

ಈ ಕಥೆ ಹೇಳಿದವರ ಒಲೆ ಆರದಿರಲಿ, ಕೇಳಿದವರ ಮಕ್ಕಳು ಹಸಿದು ಮಲಗದಿರಲಿ, ಹೂಂಗುಟ್ಟಿದವರ ಕೈಗೂ ಹದ ಬರಲಿ. ಬಲ್ಲದ್ದನ್ನು ಬಚ್ಚಿಟ್ಟವರಿಗೆ ಏನಾಗುತ್ತದೆಂದು ಕೇಳಿದಿರಿ, ಮತ್ತೆ ಹೇಳಲಾರೆ. ಹಿಡಿದ ಜೋಳವನ್ನು ಹಂಚಿಗೆ ಏರಿಸಿ ಕೈ ಮುಗಿಯಿರಿ. ಇನ್ನು ಈ ಮನೆಯಲ್ಲಿ ರೊಟ್ಟಿ ಬಡಿಯಲು ಬಾರದವರು ಯಾರಿದ್ದೀರಿ, ನಾಚಿಕೊಳ್ಳದೆ ಮುಂದೆ ಬಂದು ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಎಸರು ಕುದಿಯುತ್ತಿದೆ.